ವೃಷ್ಟಿ, ಶುಲ್ಕ ಮತ್ತು ಅರ್ಘ: ಪಿರಿಯಾಪಟ್ಟಣದ ಸೀಮೆಯ ಬೇಸಾಯವನ್ನು ಕುರಿತ ವಿಚಾರ

ಪೈರು ಎಂಬರ್ಥದ ‘ಬೆಳೆ’ ಎಂಬ ಶಬ್ದವೂ ಕ್ರಯವೆಂಬರ್ಥದ ‘ಬೆಲೆ’ ಎಂಬ ಶಬ್ದವೂ ಳಕಾರ ಲಕಾರಗಳ ಭೇದವೊಂದನ್ನುಳಿದು ಮಿಕ್ಕಂತೆ ಒಂದೇ ರೂಪವುಳ್ಳವಾಗಿರುವುದನ್ನು ಕಂಡು, ಇವೆರಡೂ ಏಕಧಾತುಜನ್ಯವೆಂದು ಭಾವಿಸುವವರುಂಟು. ಇದು ಸರಿಯಲ್ಲ. ತಮಿಳಿನಲ್ಲಿ ಮೊದಲನೆಯದು ‘ವಿಳೈ’ ಎಂದೂ ಎರಡನೆಯದು ‘ವಿಲೈ’ ಎಂದೂ ಇರುವುದು. ಫಲಿಸು, ಮಾಗು ಎಂಬರ್ಥದ ಧಾತುವಿಗೆ ಮೊದಲನೆಯದು ಸೇರಿದುದು. ಮಾರು ಎಂಬರ್ಥದ ‘ವಿಲ್’ ಧಾತುವಿಗೆ ಎರಡನೆಯದು ಸೇರಿದುದು. ತೆಲುಗಿನ ‘ವಿಲುವ’ ಎಂಬುದೂ ಇದರ ಬಂಧುವೇ. ಹೊಲದಲ್ಲಿ ಹುಟ್ಟಿದ ಶಬ್ದವೊಂದು, ಸಂತೆಯಲ್ಲಿ ಹುಟ್ಟಿದ ಶಬ್ದ ಮತ್ತೊಂದು. ಸಂಸ್ಕೃತದಲ್ಲಿ ಬೆಲೆಗೆ ‘ಅರ್ಘ’ವೆಂದು ಹೆಸರು. ಸಮರ್ಘವೆಂದರೆ ಅಗ್ಗವಾದುದು, ಮಹಾರ್ಘವೆಂದರೆ ತುಟ್ಟಿಯಾದುದು. ಹಿಂದೂಸ್ಥಾನಿಯ ‘ಮಹಂಗಾ’ ಈ ಎರಡನೆಯದರಿಂದ ಬಂದಿತು. ಕನ್ನಡದ ‘ಅಗ್ಗ’ವಾದರೋ ಅರ್ಘ ಶಬ್ದದ ತದ್ಭವ. ಬೆಲೆಯೆಂಬ ಸಾಮಾನ್ಯಾರ್ಥವನ್ನು ಬಿಟ್ಟು ಇಳಿದ ಬೆಲೆಯೆಂಬ ವಿಶೇಷಾರ್ಥದಲ್ಲಿ ಅದು ನಿಂತಿತು. ಈ ಅರ್ಥಸಂಕೋಚವು ಕೊಳ್ಳುವವನ ಬಾಯಲ್ಲಿ ಆದುದೇ ಹೊರತು ಬೆಳೆಯುವವನ ಬಾಯಲ್ಲಿ ಆಗಿರಲಾರದು.

ಬೆಳೆಗೂ ಬೆಲೆಗೂ ಇರುವ ಸಂಬಂಧವನ್ನು ಪೂರ್ವಾಚಾರ್ಯರು ಎರಡು ಬಗೆಯಾಗಿ ವಿಚಾರಿಸಿರುವರು. ಒಂದು ಜ್ಯೋತಿಷಿಗಳ ಮಾರ್ಗ, ಮತ್ತೊಂದು ಅರ್ಥಶಾಸ್ತ್ರಜ್ಞರ ಮಾರ್ಗ. ಕ್ರಿಸ್ತಶಕ ೬ನೆಯ ಶತಮಾನದವನಾದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಲಕ್ಷಣ, ಗರ್ಭಧಾರಣ, ಪ್ರವರ್ಷಣ ಎಂಬ ಅಧ್ಯಾಯಗಳಿವೆ. ಮಾರ್ಗಶಿರಮಾಸದಿಂದ ಮೊದಲುಮಾಡಿ ಮೋಡವು ಗರ್ಭವನ್ನು ಧರಿಸುವುದೆಂದೂ ೧೯೫ ದಿನಗಳಾದ ಮೇಲೆ ಅದು ಮಳೆಯಾಗಿ ಪ್ರಸವಿಸುವುದೆಂದೂ ಅಲ್ಲಿಯ ಸಿದ್ಧಾಂತ. ಮಳೆಯನ್ನು ಪಾತ್ರೆಯಲ್ಲಿ ಹಿಡಿದು ಆಢಕ ದ್ರೋಣಗಳಿಂದ ಅಳೆಯುವ ಕ್ರಮವನ್ನೂ ಆಚಾರ್ಯನು ಹೇಳಿರುವನು. ಮುಂದೆ ಅರ್ಘಕಾಂಡವೆಂಬ ಅಧ್ಯಾಯವೊಂದು ಬರುವುದು. ಸೂರ್ಯನು ಯಾವ ರಾಶಿಯಲ್ಲಿರುವಾಗ ಯಾವ ಉತ್ಪಾತಗಳು ಕಂಡರೆ ಯಾವ ಪದಾರ್ಥವನ್ನು ಸಂಗ್ರಹಿಸಬೇಕು, ಎಷ್ಟನೆಯ ತಿಂಗಳಿನಲ್ಲಿ ಮಾರಿದರೆ ಲಾಭವುಂಟು ಎಂಬುದು ಅದರ ವಿಷಯ. ಈ ಅಧ್ಯಾಯವು ಯಾರನ್ನು ಕುರಿತು ಹೇಳಿದುದೆಂಬುದನ್ನು ಗಮನಿಸಬೇಕು. ಸಂಗ್ರಹಿಸಿ ನಾಲ್ಕಾರು ತಿಂಗಳು ಕಾದಿರಬಲ್ಲವನಿಗೆ, ಎಂದರೆ ವರ್ತಕನಿಗೆ, ಇದು ಶಾಸ್ತ್ರ. ಕಣದಿಂದಲೇ ಸಾಲಕ್ಕೆ ಅಳೆದುಕೊಡುವ ಒಕ್ಕಲಿಗೆ ಇದರಿಂದ ಪ್ರಯೋಜನ ಸ್ವಲ್ಪ. ಕನ್ನಡದಲ್ಲಿಯೂ ಈ ಮಾರ್ಗದ ಗ್ರಂಥಗಳಿಗೆ ಕೊರತೆಯಿಲ್ಲ. ಕ್ರಿ.ಶ. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಜ್ಯೋತಿಷ, ಜಲಶೋಧನ, ವೃಕ್ಷಾಯುರ್ವೇದ ಮುಂತಾದುವು ಇರುವುವು. ೧೩೦೦ರ ಸುಮಾರಿನ ರಟ್ಟಮತವು ಮುಖ್ಯವಾಗಿ ಮಳೆಯೇ ಮೊದಲಾದ ನೈಸರ್ಗಿಕ ನಿಮಿತ್ತಗಳನ್ನು ಹೇಳತಕ್ಕ ಜೈನಕೃತಿ.

ಎರಡನೆಯ ಮಾರ್ಗಕ್ಕೆ ಕೌಟಿಲ್ಯನೇ ಪ್ರಮಾಣ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯನ್ನು ಶೋಧಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದವರು ಶಾಮಶಾಸ್ತ್ರಿಗಳೆಂಬುದು ವಾಚಕರಿಗೆ ತಿಳಿದೇ ಇದೆ. ಅದರ ಸೀತಾಧ್ಯಕ್ಷ ಪ್ರಕರಣದಲ್ಲಿ ಜಾಂಗಲದೇಶಕ್ಕೆ ೧೬ ದ್ರೋಣ, ಅನೂಪದೇಶಕ್ಕೆ ೨೪ ದ್ರೋಣ ಎಂದು ಮಳೆಯ ಪ್ರಮಾಣವನ್ನು ಹೇಳಿ, ಒಟ್ಟು ಮಳೆಯ ಮೂರನೆಯ ಒಂದು ಪಾಲು ಮೊದಲನೆಯ ಮತ್ತು ಕಡೆಯ ತಿಂಗಳುಗಳಲ್ಲಿಯೂ ಮೂರನೆಯ ಎರಡು ಪಾಲು ನಡುವಣ ಎರಡು ತಿಂಗಳುಗಳಲ್ಲಿಯೂ ಬಿದ್ದರೆ ಅದು ಸಮೀಚೀನವಾದ ವೃಷ್ಟಿಯೆಂದು ವಿಧಿಸಿದೆ. ಮಳೆ ಎಷ್ಟಾಯಿತೆಂಬುದನ್ನು ನೋಡಿ ಹೆಚ್ಚು ನೀರಿನ ಪೈರನ್ನೋ ಕಡಮೆ ನೀರಿನ ಪೈರನ್ನೋ ಬಿತ್ತಿಸತಕ್ಕದ್ದೆಂದೂ ಹೇಳಿದೆ. ಮಳೆಯ ವಿಷಯದಲ್ಲಿ ಕೌಟಿಲ್ಯನೂ ಗುರು ಶುಕ್ರ ಸೂರ್ಯರ ಗತಿಯನ್ನು ನಂಬಿದವನೇ. ಆದರೆ ಅರ್ಘದ ವಿಷಯಕ್ಕೆ ಬಂದಾಗ ಅವನು ಗ್ರಹಗಳನ್ನು ಕೈಬಿಟ್ಟು ಪಣ್ಯಾಧ್ಯಕ್ಷನೆಂಬ ಅಧಿಕಾರಿಯನ್ನು ಹಿಡಿಯುವನು. ದೇಶದಿಂದಲೂ ಕಾಲದಿಂದಲೂ ದೂರವಾದ ಪಣ್ಯಕ್ಕೆ ಹಾಕಿದ ಬಂಡವಾಳ, ಉತ್ಪತ್ತಿ, ಶುಲ್ಕ, ಬಡ್ಡಿ, ಬಾಡಿಗೆ ಮೊದಲಾದ ವೆಚ್ಚಗಳನ್ನು ಎಣಿಸಿ ಬೆಲೆ ಕಟ್ಟುವವನು ಆ ಅಧಿಕಾರಿ. ಸ್ವದೇಶದ ಸರಕಿಗೆ ನೂರಕ್ಕೆ ೫, ಪರದೇಶದ ಸರಕಿಗೆ ನೂರಕ್ಕೆ ೧೦ ಲಾಭವೆಂದು ಮಿತಿ. ಸರಕು ವಿಪರೀತವಾಗಿ ಹೆಚ್ಚಿದಾಗ ಎಲ್ಲವನ್ನೂ ಏಕಮುಖವಾಗಿ ಮಾರಿಸಬೇಕು. ಅದು ಮಾರಿಹೋಗುವವರೆಗೆ ಇತರರು ಮಾರಕೂಡದು. ದೇಶಕ್ಕೆ ಪೀಡೆಯಾಗುವ ಸರಕನ್ನು ಗಡಿಯಲ್ಲಿಯೇ ತಡೆಯಬೇಕು. ದುರ್ಲಭವಾದ ಬೀಜಕ್ಕೆ ಶುಲ್ಕವಿಲ್ಲದೆ ಪ್ರವೇಶ ಕೊಡಬೇಕು.

ಹೀಗೆ ಒಬ್ಬನ ಮತದಲ್ಲಿ ಅರ್ಘವು ದೈವಾಯತ್ತ, ಮತ್ತೊಬ್ಬನ ಮತದಲ್ಲಿ ರಾಜಾಯತ್ತ. ಇವೆರಡರಲ್ಲಿ ಯಾವುದು ಪ್ರಮಾಣವೆಂಬುದನ್ನು ಗ್ರಂಥಗಳ ಒಳಗೇ ನಿಂತು ನಿರ್ಣಯಿಸುವುದು ಸಾಧ್ಯವಿಲ್ಲ. ಒಂದು ಸೀಮೆಯ ಹೊಲಗದ್ದೆಗಳನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಬೇಕು. ಇದಕ್ಕೆ ಮೈಸೂರು ಜಿಲ್ಲೆಯ ಪಡುವಣ ಭಾಗವು, ಎಂದರೆ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವುಗಳ ಪ್ರದೇಶವು ಬಹಳ ತಕ್ಕುದು. (ಪಿರಿಯಾಪಟ್ಟಣವೆಂಬ ಹೆಸರು ಹಳಗನ್ನಡದ ಪಕಾರವನ್ನು ಇಂದಿಗೂ ಬಿಡದೆ ಉಳಿಸಿಕೊಂಡಿರುವುದು ಭಾಷಾಶಾಸ್ತ್ರಜ್ಞರಿಗೆ ಸಂತೋಷಕರ, ಉಳಿದೆಡೆಗಳಲ್ಲಿ ಪಿರಿಯನು ಹಿರಿಯನಾದನು.)

ಈ ಸೀಮೆಯಲ್ಲಿ ಮಳೆಯು ಪಡುವಣ ಕಾಡಿನ ಕಡೆ ಹೆಚ್ಚು; ಮೂಡಲಿಗೆ ಬಂದಂತೆಲ್ಲ ಕಡಮೆ. ಮೈಸೂರಿನ ಬಯಲಿನಲ್ಲಿ ಮಳೆಗೆ ಎರಡು ಶಿಖರಗಳು: ಮೇ ತಿಂಗಳಿನ ಗುಡುಗುಮಳೆಯೊಂದು, ಅಕ್ಟೋಬರಿನ ಹಿಂಗಾರು ಮತ್ತೊಂದು. ಕೊಡಗಿನ ಗಡಿಗೆ ಹತ್ತಿರವಾದ ಗ್ರಾಮಗಳಿಗೆ ಇವೆರಡರ ನಡುವೆ ನೈಋತ್ಯ ಮಾರುತವೂ ತಕ್ಕಮಟ್ಟಿಗೆ ಸಿಕ್ಕುವುದು. ಆದುದರಿಂದ ಕೌಟಿಲ್ಯನು ಹೇಳಿದಂತೆ ನಡುವಣ ತಿಂಗಳುಗಳಲ್ಲಿ ಮೂರನೆಯ ಎರಡು ಪಾಲು ಎಂಬ ಲಕ್ಷಣವು ಇಲ್ಲಿಗೆ ಒಪ್ಪುವುದಿಲ್ಲ. ಆ ಲಕ್ಷಣವನ್ನು ಕಂಡವನು ಗಂಗಾತೀರದವನೆಂಬುದು ಸ್ಪಷ್ಟ. ಇಲ್ಲಿಯ ಒಕ್ಕಲು ತನ್ನ ಲೆಕ್ಕವನ್ನು ನಕ್ಷತ್ರಗಳಿಂದ ಮಾಡುವನು. ಏಪ್ರಿಲ್ ಕಡೆಯಿಂದ ಮೇ ೧೦ರ ಸುಮಾರಿನವರೆಗಿನದು ಭರಣಿ, ಆಮೇಲಿನದು ಕೃತ್ತಿಕೆ, ಮೇ ೨೫ರ ಸುಮಾರಿಗೆ ರೋಹಿಣಿ, ಬಳಿಕ ಮೃಗಶಿರ, ಜೂನ್ ೨೨ರ ಹೊತ್ತಿಗೆ ಆರಿದ್ರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂಬ ಗಾದೆಯು ಮುಖ್ಯವಾಗಿ ಈ ಬೇಸಗೆಯ ಮಳೆಯನ್ನು ನೆಚ್ಚಿದ ಸೀಮೆಗಳ ಮಾತು. ರಾಗಿಯಲ್ಲಿ ಮುಂಚಿನ ಬಿತ್ತನೆಯದು ಕಾರು, ತಡವಾದುದು ಹೈನು. ಒಂದು ಕೆಟ್ಟರೆ ಮತ್ತೊಂದಕ್ಕೆ ಅವಕಾಶವಿರಲೆಂಬ ವಿವೇಕವು ಈ ಎರಡು ಹೆಸರುಗಳಲ್ಲಿಯೇ ಅಡಗಿರುವುದು.

ಈ ವ್ಯವಸ್ಥೆಯೊಳಕ್ಕೆ ಹೊಗೆಸೊಪ್ಪು ಬಂದುದರಿಂದ ಲೆಕ್ಕವು ಬದಲಾಯಿತು. ಪಿರಿಯಾಪಟ್ಟಣ ಹುಣಸೂರುಗಳ ಹಗುರವಾದ ಮಣ್ಣು ವರ್ಜೀನಿಯ ಜಾತಿಯ ಹೊಗೆಸೊಪ್ಪಿಗೆ ಒಳ್ಳೆಯದೆಂದು ಪ್ರಸಿದ್ಧಿ. ಬೇಸಗೆಯಲ್ಲಿ ಸಸಿಮಡಿ ಮಾಡಿ, ಮೇ ತಿಂಗಳ ಮಳೆಗೆ ನಾಟಿ ಹಾಕಿ, ಎಲೆ ಬಲಿತಂತೆಲ್ಲ ಮುರಿದು, ಬ್ಯಾರನ್ನೆಂಬ ಉರಿಮನೆಯಲ್ಲಿ ಸೌದೆಯ ಕಾವಿನಿಂದ ಹದಮಾಡಿ, ಬೇಲುಗಳನ್ನು ಕಟ್ಟಿ ಹರಾಜಿಗೆ ಒಯ್ಯುವರು. ೧೯೭೫ರ ಶಾಸನದಂತೆ ತಂಬಾಕು ಮಂಡಳಿಯು ಏರ್ಪಟ್ಟು, ೧೯೮೪ರಿಂದ ಕರ್ಣಾಟಕದಲ್ಲಿ ಹರಾಜಿನ ಪದ್ಧತಿಯು ನಡೆದುಬಂದಿದೆ. ಯಾರು ಎಷ್ಟು ಬೆಳೆಯಬೇಕೆಂಬುದಕ್ಕೆ ಪರವಾನಗಿ, ರಾಜ್ಯಕ್ಕೆಲ್ಲ ವರ್ಷವರ್ಷವೂ ಒಂದು ಮಿತಿ. ಇತ್ತೀಚಿನ ವರ್ಷಗಳಲ್ಲಿ ಈ ಮಿತಿಯು ಸುಮಾರು ೧೦ ಕೋಟಿ ಕಿಲೋಗ್ರಾಮು. ಮೇಲೆ ಹೇಳಿದ ಏಕಮುಖ ವಿಕ್ರಯಕ್ಕೆ ಇದಕ್ಕಿಂತ ಹತ್ತಿರವಾದ ಉದಾಹರಣೆ ಆಧುನಿಕ ಕಾಲದಲ್ಲಿ ದೊರೆಯುವುದು ಕಷ್ಟ. ಭೇದವೇನೆಂದರೆ, ಕೌಟಿಲ್ಯನ ಪಣ್ಯಾಧ್ಯಕ್ಷನು ಬೆಲೆಯನ್ನೂ ತಾನೇ ಕಟ್ಟುವನು. ಹರಾಜು ಕಟ್ಟೆಯಲ್ಲಿ ಮುಖ ಮಾತ್ರ ಒಂದು, ಬೆಲೆಯನ್ನು ಕೂಗುವವರು ಹೊರದೇಶದ ಬೇಡಿಕೆಯನ್ನು ಅರಿತ ವ್ಯಾಪಾರಿಗಳು. ಬ್ರೆಜಿಲ್ ಮತ್ತು ಜಿಂಬಾಬ್ವೆ ದೇಶಗಳಲ್ಲಿ ಬೆಳೆ ಹೆಚ್ಚಿದರೆ ಇಲ್ಲಿ ಬೆಲೆ ಕುಗ್ಗುವುದು, ಅಲ್ಲಿ ಕೆಟ್ಟರೆ ಇಲ್ಲಿ ಏರುವುದು. ೨೦೦೦-೦೧ರಲ್ಲಿ ಆಂಧ್ರದೇಶದಲ್ಲಿ ಹಿಂದಿನ ದಾಸ್ತಾನು ಕರಗದಿದ್ದುದರಿಂದ ಹೊಗೆಸೊಪ್ಪಿನ ಬೆಳೆಗೇ ವಿರಾಮವನ್ನು ಘೋಷಿಸಬೇಕಾಯಿತು. ಇದಕ್ಕೆ ವಿರುದ್ಧವಾಗಿ, ಮಳೆ ಕೆಟ್ಟ ೨೦೨೩ರ ಬೆಳೆಗೆ ಕರ್ಣಾಟಕದ ಕಟ್ಟೆಗಳಲ್ಲಿ ಸರಾಸರಿ ಬೆಲೆ ಕಿಲೋವಿಗೆ ೨೫೦ ರೂಪಾಯಿಗಳನ್ನು ಮೀರಿತು. ಅಗ್ಗವಾದ ವರ್ಷದಲ್ಲಿಯೂ ಈ ಬೆಳೆಯನ್ನು ಬಿಡುವುದು ಸುಲಭವಲ್ಲ. ಬ್ಯಾರನ್ನು ಕಟ್ಟಿಸಿದ ಹಣ, ಪರವಾನಗಿಯ ಹಕ್ಕು, ತಂದ ಸಾಲ ಇವು ಒಕ್ಕಲನ್ನು ಹಿಡಿದು ನಿಲ್ಲಿಸುವುವು. ತಂಬಾಕಿನ ನಿಯಂತ್ರಣಕ್ಕಾಗಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು ೨೦೦೪ರಲ್ಲಿ ಅಂಗೀಕರಿಸಿತು. ಬೆಳೆಗಾರರಿಗೆ ಬೇರೆ ಜೀವನೋಪಾಯವನ್ನು ಒದಗಿಸಬೇಕೆಂಬ ವಿಧಿಯೂ ಅದರಲ್ಲಿದೆ. ವಿಧಿಯಿರುವುದೂ ಬ್ಯಾರನ್ನು ತಣ್ಣಗಾಗುವುದೂ ಬೇರೆ ಬೇರೆ ವಿಷಯಗಳು.

ಹೊಗೆಸೊಪ್ಪು ಧಾನ್ಯವಲ್ಲವಲ್ಲ, ಧಾನ್ಯದ ಅರ್ಘಕ್ಕೂ ಇದಕ್ಕೂ ಏನು ಸಂಬಂಧವೆಂದು ಆಕ್ಷೇಪಿಸಬಹುದು. ಸಂಬಂಧವು ಆ ಹೊಲದಲ್ಲಿಯೇ ಇದೆ. ಈ ಸೀಮೆಯಲ್ಲಿ ಎಲೆ ಮುರಿದು ಮುಗಿದ ಹೊಲಕ್ಕೆ ಹಿಂಬೆಳೆಯಾಗಿ ರಾಗಿಯನ್ನು ಹಾಕುವುದು ರೂಢಿ. ಬೇಸಗೆಯ ಮಳೆ ಸಕಾಲದಲ್ಲಿ ಬಂದರೆ ಹೊಗೆಸೊಪ್ಪು ಮೇ ತಿಂಗಳಿನಲ್ಲಿ ನಾಟಿಯಾಗಿ, ಹೊಲವು ಹೈನು ರಾಗಿಗೆ ಹೊತ್ತಿಗೆ ಸರಿಯಾಗಿ ತೆರವಾಗುವುದು. ಭರಣಿ ಕೃತ್ತಿಕೆಗಳು ತಪ್ಪಿ ನಾಟಿಯು ಆರಿದ್ರೆಗೆ ಸರಿದರೆ, ಎಲೆ ಮುರಿಯುವುದೂ ಸರಿದು, ರಾಗಿಯು ತಡವಾಗಿ ನೆಲಕ್ಕೆ ಬಿದ್ದು, ಅದರ ತೆನೆಯು ಚಿತ್ತೆ ಸ್ವಾತಿಗಳ ಮಳೆಯೊಂದನ್ನೇ ನಂಬಬೇಕಾಗುವುದು. ಆ ಮಳೆಯೂ ತಪ್ಪಿದರೆ ಮನೆಗೆ ಹಿಟ್ಟಿಲ್ಲ. ಒಕ್ಕಲು ಮೇ ತಿಂಗಳಿನಲ್ಲಿಯೇ ರಾಗಿಯನ್ನು ಬಿತ್ತಿ ಹೊಗೆಸೊಪ್ಪನ್ನು ಬಿಡಬಹುದಾಗಿತ್ತಲ್ಲವೇ ಎಂದರೆ, ಬಿಡಬಹುದಾಗಿತ್ತು. ಆದರೆ ರಾಗಿಯನ್ನು ಮಾರಿ ಬ್ಯಾರನ್ನಿನ ಸಾಲ ತೀರುವುದಿಲ್ಲ. ಹೀಗೆ ಸಮುದ್ರದಾಚೆಯ ಬೇಡಿಕೆಯು ಪಿರಿಯಾಪಟ್ಟಣದ ರಾಗಿಮುದ್ದೆಯವರೆಗೂ ಕೈಚಾಚಿರುವುದು.

ಕೃಷ್ಣರಾಜನಗರದ ಸ್ಥಿತಿ ಬೇರೆ. ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಈ ತಾಲ್ಲೂಕು ಕಾವೇರಿಯ ಚಾಮರಾಜ, ಮಿರ್ಲೆ ಮೊದಲಾದ ನಾಲೆಗಳ ದೆಸೆಯಿಂದ ಭತ್ತದ ಕಣಜವೆನಿಸಿದೆ. ಇಲ್ಲಿ ಮಳೆಯೆಂದರೆ ತಲೆಯ ಮೇಲಣ ಮಳೆಯಲ್ಲ, ಕೊಡಗಿನ ಮಳೆ. ಶುಲ್ಕನೀತಿಯು ಗದ್ದೆಗೆ ತಗಲುವ ರೀತಿಯನ್ನು ಕಾಣಲು ೨೦೨೩ನೆಯ ವರ್ಷವೊಂದೇ ಸಾಕು. ಆ ವರ್ಷ ಪೆಸಿಫಿಕ್ ಸಾಗರದ ಉಷ್ಣಪ್ರವಾಹವು, ಎಂದರೆ ಎಲ್ ನಿನೊ ಎಂಬುದು, ಬಲಿತು, ಆಗಸ್ಟ್ ತಿಂಗಳಿನಲ್ಲಿ ಭಾರತಕ್ಕೆಲ್ಲ ಬಿದ್ದ ಮಳೆ ೧೯೦೧ರಿಂದೀಚೆಗೆ ಆ ತಿಂಗಳಿಗೆ ಅತ್ಯಂತ ಕಡಮೆಯಾದುದು. ಕರ್ಣಾಟಕದ ೨೩೬ ತಾಲ್ಲೂಕುಗಳಲ್ಲಿ ಕ್ರಮವಾಗಿ ೨೨೩ನ್ನು ಬರಪೀಡಿತವೆಂದು ಘೋಷಿಸಿದರು. ಭತ್ತದ ನಾಟಿಯ ಕಾಲವಾದ ಜುಲೈ ೨೦ರಂದೇ ಬಾಸುಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ಕೇಂದ್ರಸರ್ಕಾರವು ನಿಷೇಧಿಸಿತು. ಆಗಸ್ಟ್ ೨೫ರಂದು ಕುಸುಬಲಕ್ಕಿಯ ರಫ್ತಿಗೆ ನೂರಕ್ಕೆ ೨೦ರ ಸುಂಕ ಬಿದ್ದಿತು. ಅದಕ್ಕೂ ಮುಂಚೆ ಜೂನ್ ತಿಂಗಳಿನಲ್ಲಿ ಕೇಂದ್ರದ ಉಗ್ರಾಣದಿಂದ ರಾಜ್ಯಗಳಿಗೆ ಅಕ್ಕಿಯ ಮಾರಾಟವನ್ನು ನಿಲ್ಲಿಸಿದ್ದರಿಂದ, ಅನ್ನಭಾಗ್ಯದ ಹೆಚ್ಚಿನ ೫ ಕಿಲೋ ಅಕ್ಕಿಯ ಬದಲು ಕಿಲೋವಿಗೆ ೩೪ ರೂಪಾಯಿಗಳಂತೆ ಹಣವನ್ನು ಕರ್ಣಾಟಕ ಸರ್ಕಾರವು ಜುಲೈನಿಂದ ಜನಕ್ಕೆ ಕೊಡಬೇಕಾಯಿತು. ನಿಷೇಧದಿಂದ ಅಂಗಡಿಯ ಬೆಲೆ ಕೂಡಲೇ ಇಳಿಯಲಿಲ್ಲ. ಸಸಿಯನ್ನು ಕಿತ್ತು ಕೆಸರಿನಲ್ಲಿ ನೆಡುತ್ತಿದ್ದವನಿಗೆ ಮಾತ್ರ, ಇಳುವರಿ ತಗ್ಗಿದರೂ ಬೆಲೆ ಏರುವುದೆಂಬ ಸಮಾಧಾನಕ್ಕೆ ಎಲ್ಲೆ ಬಿದ್ದಿತು. ರಫ್ತಿನ ಬಾಗಿಲು ಮರಳಿ ತೆರೆದುದು ೨೦೨೪ರ ಸೆಪ್ಟೆಂಬರ್ ೨೮ರಂದು. ನಡುವೆ ಒಂದು ಬೆಳೆ ಮಾರಿಹೋಗಿ, ಎರಡನೆಯದು ಗದ್ದೆಯಲ್ಲಿತ್ತು. ಕೊಳ್ಳುವ ಬಡವನಿಗೆ ಅಕ್ಕಿ ದಕ್ಕಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆ ವೆಚ್ಚದ ಒಂದು ಪಾಲನ್ನು ಬೆಳೆಯುವವನು ತನಗೇ ತಿಳಿಯದಂತೆ ಹೊತ್ತನೆಂಬುದನ್ನೂ ಅಲ್ಲಗಳೆಯಲಾಗದು.

ಮುಸುಕಿನ ಜೋಳದ ವೃತ್ತಾಂತವು ಇನ್ನೂ ವಿಚಿತ್ರವಾದುದು. ಅಲ್ಲಿ ಕಾರಣಕ್ಕೂ ಕಾರ್ಯಕ್ಕೂ ಎರಡು ವರ್ಷಗಳ ಅಂತರವಿದೆ, ನಡುವೆ ಕಬ್ಬೂ ಮದ್ಯಸಾರವೂ ನಿಂತಿವೆ. ೨೦೨೩ರ ಆ ಬರದಿಂದ ಕರ್ಣಾಟಕ ಮಹಾರಾಷ್ಟ್ರಗಳಲ್ಲಿ ಕಬ್ಬು ಸೊರಗಿತು. ಸಕ್ಕರೆ ಸಾಲದೆ ಹೋದೀತೆಂದು ಅದೇ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲನ್ನು ಮಾಡುವುದಕ್ಕೆ ಕೇಂದ್ರವು ತಡೆ ಹಾಕಿತು. ಪೆಟ್ರೋಲಿಗೆ ಎಥೆನಾಲನ್ನು ಬೆರಸುವ ಸಂಕಲ್ಪವಾದರೋ ನಿಲ್ಲಲಿಲ್ಲ. ಬಟ್ಟಿಯವರು ಜೋಳದ ಕಡೆ ತಿರುಗಿದರು. ಕೋಳಿಗಳ ಆಹಾರಕ್ಕೂ ಜೋಳವೇ ಬೇಕಾದುದರಿಂದ ೨೦೨೪ರಲ್ಲಿ ಅದರ ಬೆಲೆ ಏರಿತು. ಆ ಜೂನ್ ತಿಂಗಳಿನಲ್ಲಿ ಸುಮಾರು ೫ ಲಕ್ಷ ಟನ್ ಜೋಳವನ್ನು ನೂರಕ್ಕೆ ೧೫ರ ಇಳಿಸಿದ ಸುಂಕದಲ್ಲಿ ತರಿಸಲು ಅಪ್ಪಣೆಯಾಯಿತು. ಬೆಲೆಯನ್ನು ಕಂಡ ಒಕ್ಕಲು ಜೋಳದ ಬಿತ್ತನೆಯನ್ನು ಹಿಗ್ಗಿಸಿದನು. ಅಷ್ಟರಲ್ಲಿ ಕಬ್ಬಿನ ಹಾಲಿನ ಮೇಲಿದ್ದ ತಡೆಯನ್ನು ತೆಗೆದರು. ೨೦೨೫ರ ಜನವರಿಯಲ್ಲಿ ಕೇಂದ್ರದ ಉಗ್ರಾಣದ ಅಕ್ಕಿಯನ್ನು ಕ್ವಿಂಟಾಲಿಗೆ ೨೨೫೦ ರೂಪಾಯಿಗಳಂತೆ ಬಟ್ಟಿಗಳಿಗೇ ಕೊಡಲು ನಿರ್ಧರಿಸಿದರು. ಪರಿಣಾಮವೇನೆಂದರೆ, ೨೦೨೫ರ ನವೆಂಬರಿನಲ್ಲಿ ಜೋಳಕ್ಕೆ ಘೋಷಿತವಾದ ಕನಿಷ್ಠ ಬೆಂಬಲ ಬೆಲೆ ೨೪೦೦ ರೂಪಾಯಿಗಳಿರುವಾಗ ಕರ್ಣಾಟಕದ ಮಾರುಕಟ್ಟೆಗಳಲ್ಲಿ ೧೬೦೦ರಿಂದ ೧೮೦೦ಕ್ಕೆ ಕೇಳುವವರಾದರು. ಮುಖ್ಯಮಂತ್ರಿಗಳು ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. ಇದರಲ್ಲಿ ಒಂದೊಂದು ಆಜ್ಞೆಯನ್ನೂ ಬೇರೆಬೇರೆಯಾಗಿ ನೋಡಿದರೆ ಅದಕ್ಕೆ ಕಾರಣ ಹೇಳಬಹುದು; ಎಲ್ಲವೂ ಸೇರಿ ಮಾಡಿದ ಕೆಲಸಕ್ಕೆ ಮಾತ್ರ ಯಾರೂ ಕಾರಣರಲ್ಲವೆಂಬಂತಾಯಿತು. ಹೆಗ್ಗಡದೇವನಕೋಟೆ ಹುಣಸೂರುಗಳ ಶುಂಠಿಯಲ್ಲಿಯೂ ಇಂತಹುದೇ ಏರಿಳಿತವುಂಟು. ಅಲ್ಲಿ ಆಜ್ಞೆಗಳ ಕೈವಾಡವು ಸ್ವಲ್ಪ, ಹಿಂದಿನ ವರ್ಷದ ಬೆಲೆಯನ್ನು ನೋಡಿ ಎಲ್ಲರೂ ಒಮ್ಮೆಗೇ ಬಿತ್ತುವುದೇ ಹೆಚ್ಚಿನ ಕಾರಣ.

ಬೆಂಬಲ ಬೆಲೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಬೆಲೆಯನ್ನು ಸೂಚಿಸುವ ಆಯೋಗವು ೧೯೬೫ರಲ್ಲಿ ಏರ್ಪಟ್ಟಿತು. ೨೦೧೮ರಿಂದೀಚೆಗೆ ಬೇಸಾಯಕ್ಕೆ ತಗುಲಿದ ವೆಚ್ಚವನ್ನೂ ಮನೆಯವರ ದುಡಿಮೆಯ ಕೂಲಿಯನ್ನೂ ಕೂಡಿಸಿ ಅದರ ಒಂದೂವರೆಯಷ್ಟನ್ನು ಕಟ್ಟುವುದು ಕ್ರಮವಾಗಿದೆ; ನೆಲದ ಬಾಡಿಗೆಯೂ ಬಂಡವಾಳದ ಬಡ್ಡಿಯೂ ಆ ಲೆಕ್ಕದೊಳಗೆ ಪೂರ್ಣವಾಗಿ ಸೇರುವುದಿಲ್ಲ. ಕೌಟಿಲ್ಯನ ಪಟ್ಟಿಯಲ್ಲಿ ವೃದ್ಧಿ ಅವಕ್ರಯಗಳೆರಡೂ, ಎಂದರೆ ಬಡ್ಡಿ ಬಾಡಿಗೆಗಳೆರಡೂ, ಇರುವುದನ್ನು ಮೇಲೆ ಕಂಡಿದ್ದೇವೆ. ಅವನು ಹೇಳಿದುದು ವರ್ತಕನ ಸರಕಿಗೆ, ಇದು ಒಕ್ಕಲಿನ ಧಾನ್ಯಕ್ಕೆ ಎಂಬ ಭೇದವಿರುವುದು ನಿಜ. ಆದರೂ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವಾದೀತು. ಘೋಷಿಸಿದ ಬೆಲೆಗೆ ಕೊಳ್ಳುವವನು ಇಲ್ಲದಿದ್ದರೆ ಘೋಷಣೆಯು ಅರ್ಘಕಾಂಡದ ಫಲಶ್ರುತಿಯಂತೆಯೇ ಆಗುವುದೆಂಬುದಕ್ಕೆ ೨೦೨೫ರ ಜೋಳವೇ ಸಾಕ್ಷಿ.

ಹಿಂದಿನ ಕಾಲದಲ್ಲಿ ಮಳೆಗೂ ಬೆಲೆಗೂ ನಡುವೆ ಹಗೇವು ಇದ್ದಿತು. ನೆಲದಲ್ಲಿ ಆಳವಾಗಿ ತೋಡಿದ ಈ ಕಣಜದಲ್ಲಿ ರಾಗಿಯು ಹುಳು ಹಿಡಿಯದೆ ಅನೇಕ ವರ್ಷಗಳ ಕಾಲ ಇರುವುದು. ಉಗ್ರಾಣದ ಅರ್ಧವನ್ನು ಜನಪದದ ಆಪತ್ತಿಗಾಗಿ ಇರಿಸಿ, ಹೊಸದು ಬಂದಾಗ ಹಳೆಯದನ್ನು ಬದಲಿಸಬೇಕೆಂದು ಅರ್ಥಶಾಸ್ತ್ರವು ರಾಜನಿಗೆ ವಿಧಿಸಿದುದನ್ನು ಒಕ್ಕಲು ತನ್ನ ಅಂಗಳದಲ್ಲಿಯೇ ನಡಸುತ್ತಿದ್ದನು. ಹಗೇವೂ ಬರಿದಾಗುವ ಬರಗಳು ಇಲ್ಲದಿರಲಿಲ್ಲ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಧಾನ್ಯದ ವ್ಯಾಪಾರಕ್ಕೆ ಸರ್ಕಾರವು ಕೈಹಾಕಬಾರದೆಂಬ ನೀತಿಯು ಪ್ರಬಲವಾಗಿದ್ದಿತು. ೧೮೭೧ರ ಗಣತಿಯಲ್ಲಿ ೫೦ ಲಕ್ಷ ೫೫ ಸಾವಿರವಾಗಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ನಿಂತಾಗ ನೀತಿಯು ತಿರುಗಿ ನಿಂತು, ಧಾನ್ಯದ ಹತೋಟಿ, ಲೆವಿ, ಪಡಿತರ ಇವು ಸಂಸ್ಥಾನದಲ್ಲಿಯೂ ಬಂದವು. ಮೊದಲನೆಯ ಬರದಲ್ಲಿ ಅರಸು ದೂರ ನಿಂತನು, ಎರಡನೆಯ ಅಭಾವದಲ್ಲಿ ಅರಸು ಮನೆಯ ಕಣಜದವರೆಗೂ ಬಂದನು. ದೂರ ನಿಂತುದರ ಫಲವು ಜನಗಣತಿಯ ಅಂಕಗಳಲ್ಲಿ ಕಾಣುವುದು.

ಈಗ ಜ್ಯೋತಿಷಮಾರ್ಗ ಅರ್ಥಶಾಸ್ತ್ರಮಾರ್ಗಗಳ ವಿವಾದಕ್ಕೆ ಮರಳಿದರೆ, ಇವೆರಡೂ ಒಂದೇ ಪ್ರಶ್ನೆಗೆ ಉತ್ತರಗಳಲ್ಲವೆಂಬುದು ಮೇಲಣ ದೃಷ್ಟಾಂತಗಳಿಂದ ತೋರುವುದು. ಬೀಜವು ನೆಲಕ್ಕೆ ಬೀಳುವುದು ಮಳೆಯಿಂದ. ಅದು ಯಾವ ಬೀಜವೆಂಬುದು ಹಿಂದಿನ ವರ್ಷದ ಬೆಲೆಯಿಂದ. ಅದು ಕೈಗೆ ತರುವ ಬೆಲೆಯು, ಬೀಜ ನೆಲದಲ್ಲಿರುವಾಗ ದೂರದಲ್ಲಿ ಹೊರಡುವ ಆಜ್ಞೆಯಿಂದ. ವರಾಹಮಿಹಿರನ ೧೯೫ ದಿನಗಳ ಗರ್ಭಕ್ಕೆ ಪ್ರತಿಯಾಗಿ ಇಲ್ಲಿ ಬೆಲೆಗೂ ಒಂದು ಗರ್ಭಕಾಲವಿದೆ; ಅದು ಎಷ್ಟು ದಿನವೆಂದು ಹೇಳುವ ಶಾಸ್ತ್ರವಿಲ್ಲ. ರಾಗಿಯೊಂದು ಮಾತ್ರ ಈ ಸೀಮೆಯಲ್ಲಿ ಸಮುದ್ರದಾಚೆಯ ಬೇಡಿಕೆಗೆ ಬಹುಮಟ್ಟಿಗೆ ಹೊರಗೆ ನಿಂತಿರುವುದು. ಅದರ ಬೆಂಬಲ ಬೆಲೆ ೨೦೨೩-೨೪ರಲ್ಲಿ ಕ್ವಿಂಟಾಲಿಗೆ ೩೮೪೬, ೨೦೨೪-೨೫ರಲ್ಲಿ ೪೨೯೦, ೨೦೨೫-೨೬ರಲ್ಲಿ ೪೮೮೬ ರೂಪಾಯಿಗಳಾಗಿ ಏರಿತು. ತೆಂಕಣ ಜಿಲ್ಲೆಗಳ ಪಡಿತರಕ್ಕಾಗಿ ಸರ್ಕಾರವೇ ಇದನ್ನು ಕೊಳ್ಳುವುದರಿಂದ, ಜೋಳಕ್ಕಿಲ್ಲದ ಕೊಳ್ಳುವವನು ಇದಕ್ಕುಂಟು. ಇಷ್ಟಾದರೂ ಪಿರಿಯಾಪಟ್ಟಣದ ಕೆಂಪುಮಣ್ಣಿನಲ್ಲಿ ಭರಣಿಯ ಮಳೆಗೆ ಮೊದಲು ಇಳಿಯುವುದು ಹೊಗೆಸೊಪ್ಪಿನ ಸಸಿಯೇ. ರಾಗಿಯು ಎಲೆ ಮುರಿದ ಹೊಲ ತೆರವಾಗುವವರೆಗೆ ಕಾದಿರುವುದು.